ಟೆರಾಹರ್ಟ್ಸ್ ಮೂಲಗಳ ಸುಧಾರಣೆ ಮತ್ತು ಚಿತ್ರಣದ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆರಾಹರ್ಟ್ಸ್ ಎಂದರೆ ಮೈಕ್ರೋವೇವ್ ಮತ್ತು ಇನ್‌ಫ್ರಾರೆಡ್‌ನ ನಡುವಿನ ವಿದ್ಯುತ್ಕಾಂತೀಯ ಅಲೆಗಳು, ಅವನ್ನು ಹೊರಸೂಸುವ ಸಾಧನವೇ ಮೂಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಟೆರಾಹರ್ಟ್ಸ್ ಪ್ರಯೋಗಕ್ಕೆ ಕೈಹಾಕುವ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು, ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗದವರು ಹಾಗೂ ಬೇಳೆ ಮಿಲ್ಲಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಲೇಸರ್ ಮತ್ತು ಆಸಿಲೋಸ್ಕೋಪ್ ಬಳಸಿ ಗೊತ್ತಿದ್ದವರಿಗೆ ಇಲ್ಲಿನ ಲೆಕ್ಕಗಳು ಕಷ್ಟವಾಗಲಾರವು.

ಟೆರಾಹರ್ಟ್ಸ್ ಮೂಲಗಳು ಇಷ್ಟು ದುರ್ಬಲ ಏಕೆ?

0.1ರಿಂದ 10 ಟೆರಾಹರ್ಟ್ಸ್ ಎಂದರೆ 3 ಮಿ.ಮೀ.ನಿಂದ 0.03 ಮಿ.ಮೀ.ವರೆಗಿನ ಅಲೆಯುದ್ದ. ಮೈಕ್ರೋವೇವ್ ಕಡೆಯಿಂದ ಬಂದರೆ ಇಲ್ಲಿಗೆ ತಲುಪುವಷ್ಟರಲ್ಲಿ ಟ್ರಾನ್ಸಿಸ್ಟರ್, ಡಯೋಡುಗಳ ವೇಗ ಸಾಲದಾಗುತ್ತದೆ. ಲೇಸರ್ ಕಡೆಯಿಂದ ಬಂದರೆ ಬೇರೆ ತೊಡಕು: 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್, ಆದರೆ ಕೋಣೆಯ ಶಾಖವೇ ಸುಮಾರು 26 ಮಿಲಿ ಎಲೆಕ್ಟ್ರಾನ್ ವೋಲ್ಟ್. ಲೇಸರಿಗೆ ಬೇಕಾದ ಮೇಲಿನ ಮತ್ತು ಕೆಳಗಿನ ಮಟ್ಟಗಳ ವ್ಯತ್ಯಾಸವನ್ನು ಶಾಖವೇ ಅಳಿಸಿಹಾಕುತ್ತದೆ. ಈ ಎರಡು ಕಾರಣಗಳಿಂದಾಗಿ ಮೇಜಿನ ಮೇಲೆ ಇಡಬಹುದಾದ ಮೂಲಗಳಲ್ಲಿ ಹೆಚ್ಚಿನವು ಮೈಕ್ರೋವ್ಯಾಟಿನಿಂದ ಕೆಲವು ಮಿಲಿವ್ಯಾಟಿನೊಳಗೇ ಉಳಿದಿವೆ.

ನಮ್ಮ ಒಂದು ಚಿತ್ರಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಬಲವಾದ ಮೂಲ ತಂದರೆ ಬಗೆಹರಿಯುತ್ತದೆಯೇ?

ದುಡ್ಡು ಹಾಕುವ ಮೊದಲು ಆ ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯಿರಿ. 10 ಸೆಂ.ಮೀ. ಚೌಕವನ್ನು 0.5 ಮಿ.ಮೀ. ಹೆಜ್ಜೆಯಲ್ಲಿ ಸ್ಕ್ಯಾನ್ ಮಾಡಿದರೆ 200 × 200, ಅಂದರೆ 40,000 ಪಿಕ್ಸೆಲ್. ಡಿಲೇ ಲೈನ್ (ಕನ್ನಡಿ ಸರಿಸಿ ಲೇಸರ್ ಪಲ್ಸನ್ನು ತಡಮಾಡುತ್ತ, ಟೆರಾಹರ್ಟ್ಸ್ ಪಲ್ಸಿನ ಆಕಾರವನ್ನು, ಅಂದರೆ ಅಲೆರೂಪವನ್ನು, ಬಿಂದು ಬಿಂದುವಾಗಿ ಓದುವ ಭಾಗ) ಸೆಕೆಂಡಿಗೆ 10 ಅಲೆರೂಪ ಕೊಡುತ್ತಿದ್ದು, ಪಿಕ್ಸೆಲ್ಲಿಗೆ ಒಂದೇ ಅಲೆರೂಪ ತೆಗೆದರೂ 4,000 ಸೆಕೆಂಡು, ಅಂದರೆ 67 ನಿಮಿಷ. ಇಲ್ಲಿ ತಡ ಮಾಡುತ್ತಿರುವುದು ಡಿಲೇ ಲೈನ್. ಮೂಲ ನೂರು ಪಟ್ಟು ಬಲವಾದರೂ ಆ 67 ನಿಮಿಷ ಕಡಿಮೆಯಾಗದು. ಅದೇ ಚಿತ್ರಕ್ಕೆ ಪಿಕ್ಸೆಲ್ಲಿಗೆ ಹತ್ತತ್ತು ಅಲೆರೂಪಗಳ ಸರಾಸರಿ ಬೇಕಾಗಿ 11 ಗಂಟೆ ಹಿಡಿಯುತ್ತಿದ್ದರೆ ಆಗ ಮೂಲದ ಸುಧಾರಣೆಗೆ ಅರ್ಥವಿದೆ.

ಇದನ್ನು ತಿಳಿಯಲು ಅರ್ಧ ಗಂಟೆಯ ಪರೀಕ್ಷೆ ಸಾಕು. ಮಾದರಿ ಸರಿಸುವ ಸ್ಟೇಜ್ ನಿಲ್ಲಿಸಿ, ಮಾದರಿಯ ಅತಿ ಮಸುಕಾದ ಜಾಗದಲ್ಲಿ 1, 10, 100 ಸರಾಸರಿಗಳನ್ನು ದಾಖಲಿಸಿ. ಮೊದಲನೆಯದರಲ್ಲೇ ಶಿಖರವು ನಾಯ್ಸಿನ 100 ಪಟ್ಟು ಇದ್ದರೆ ಮೂಲವನ್ನು ಮುಟ್ಟಬೇಡಿ. ಕಡಿಮೆ ಇದ್ದರೆ ಟೆರಾಹರ್ಟ್ಸ್ ಕಿರಣಕ್ಕೆ ಅಲ್ಯೂಮಿನಿಯಂ ತಗಡು ಅಡ್ಡ ಹಿಡಿದು, ಶಿಖರ ಇದ್ದ ಜಾಗದಲ್ಲಿ ನಾಯ್ಸ್ ಎಷ್ಟಿದೆ ನೋಡಿ. ತಗಡು ಇಟ್ಟರೂ ತೆಗೆದರೂ ನಾಯ್ಸ್ ಒಂದೇ ಇದ್ದರೆ ಅದು ಡಿಟೆಕ್ಟರಿನದು, ಮೂಲ ಬಲಪಡಿಸಿದಷ್ಟೂ ಲಾಭ. ತಗಡು ಇಟ್ಟ ಕೂಡಲೇ ನಾಯ್ಸ್ ತಗ್ಗಿದರೆ ಅದು ಸಿಗ್ನಲ್ಲಿನ ಜೊತೆಗೇ ಏರಿಳಿಯುವ ಪಂಪ್ ಲೇಸರಿನ (ಮೂಲವನ್ನು ಓಡಿಸುವ ಲೇಸರ್) ನಾಯ್ಸ್. ಮೂಲ ಬಲಪಡಿಸಿದರೆ ಸಿಗ್ನಲ್ಲಿನಷ್ಟೇ ನಾಯ್ಸೂ ಬೆಳೆಯುತ್ತದೆ. ಆ ಸಂದರ್ಭದಲ್ಲಿ ಲೇಸರನ್ನು ಸ್ಥಿರಗೊಳಿಸುವುದೇ ಮೊದಲ ಕೆಲಸ. ಈ ತಗಡಿನ ಪರೀಕ್ಷೆಗೆ ಖರ್ಚಿಲ್ಲ, ಆದರೂ ಅದನ್ನು ಮಾಡದೆಯೇ ಆ್ಯಂಟೆನಾ ಬದಲಿಸಲು ಹೊರಡುವವರು ಬಹಳ.

ಮೂಲದ ಶಕ್ತಿ 10 ಪಟ್ಟಾದರೆ ಸಮಯ ಎಷ್ಟು ಉಳಿಯುತ್ತದೆ?

ಡಿಟೆಕ್ಟರ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಬೊಲೋಮೀಟರ್, ಪೈರೋ ಡಿಟೆಕ್ಟರುಗಳು ಶಕ್ತಿಯನ್ನು ನೇರವಾಗಿ ಅಳೆಯುತ್ತವೆ. ಅವುಗಳಲ್ಲಿ ನಾಯ್ಸ್ ಸಮಯದ ವರ್ಗಮೂಲದಂತೆ ತಗ್ಗುವುದರಿಂದ ಶಕ್ತಿ 10 ಪಟ್ಟಾದರೆ ಅದೇ ಗುಣಮಟ್ಟದ ಪಿಕ್ಸೆಲ್ಲಿಗೆ ನೂರನೇ ಒಂದು ಪಾಲು ಸಮಯ ಸಾಕು. ಫೆಮ್ಟೋಸೆಕೆಂಡ್ ಲೇಸರಿನ ಟೈಮ್ ಡೊಮೇನ್ ಯಂತ್ರಗಳು ಅಳೆಯುವುದು ವಿದ್ಯುತ್ ಕ್ಷೇತ್ರವನ್ನು. ಶಕ್ತಿ 10 ಪಟ್ಟಾದರೆ ಕ್ಷೇತ್ರ 3.2 ಪಟ್ಟು ಮಾತ್ರ, ಆದ್ದರಿಂದ ಸಮಯ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮಾರಾಟಗಾರರು ಹೇಳುವ 'ಇಷ್ಟು ಪಟ್ಟು' ಎಂಬುದು ಶಕ್ತಿಯ ಲೆಕ್ಕವೋ ಕ್ಷೇತ್ರದ ಲೆಕ್ಕವೋ ಎಂದು ಕೇಳಿ ಬರೆಸಿಕೊಳ್ಳಿ.

ಫೋಟೋಕಂಡಕ್ಟಿವ್ ಆ್ಯಂಟೆನಾದಿಂದ ಹೆಚ್ಚು ಹೊರಬರುವಂತೆ ಮಾಡುವುದು ಹೇಗೆ?

ಕಾಲೇಜು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಕಡಿಮೆ ತಾಪದಲ್ಲಿ, ಅಂದರೆ 200ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ ಗ್ಯಾಲಿಯಮ್ ಆರ್ಸೆನೈಡ್ ಪದರ, ಅದರ ಮೇಲೆ ಎರಡು ಲೋಹದ ಪಟ್ಟಿ, ನಡುವೆ ಸುಮಾರು 5 ಮೈಕ್ರೋಮೀಟರ್ ಗ್ಯಾಪ್. 800 ನ್ಯಾನೋಮೀಟರ್ ಲೇಸರಿನ 100 ಫೆಮ್ಟೋಸೆಕೆಂಡ್ ಪಲ್ಸು ಗ್ಯಾಪಿಗೆ ಬಿದ್ದಾಗ ಎಲೆಕ್ಟ್ರಾನುಗಳು ಎದ್ದು, ಪಟ್ಟಿಗಳಿಗೆ ಕೊಟ್ಟ ಬಯಾಸ್ ವೋಲ್ಟೇಜಿನಿಂದ ಓಡಿ, ಒಂದು ಪಿಕೋಸೆಕೆಂಡಿನೊಳಗೆ ಸಿಕ್ಕಿಬೀಳುತ್ತವೆ. ಆ ಕ್ಷಣದ ಕರೆಂಟೇ ಟೆರಾಹರ್ಟ್ಸ್ ಪಲ್ಸನ್ನು ಹೊರಸೂಸುತ್ತದೆ. ವಿಜ್ಞಾನಿ ಡೇವಿಡ್ ಆಸ್ಟನ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಥ ಆ್ಯಂಟೆನಾವನ್ನು 1984ರಲ್ಲಿ ತೋರಿಸಿದರು. ಅಲ್ಲಿಯೇ 1995ರಲ್ಲಿ ಹೂ ಮತ್ತು ನಸ್ ಎಂಬ ವಿಜ್ಞಾನಿಗಳು ಒಂದು ಎಲೆ ಮತ್ತು ಒಂದು ಚಿಪ್‌ನ ಟೆರಾಹರ್ಟ್ಸ್ ಚಿತ್ರಗಳನ್ನು ಪ್ರಕಟಿಸಿದರು.

ಹೊಂದಿಸುವಾಗ ಈ ಕ್ರಮ ಬಿಡಬೇಡಿ. ಮೊದಲು ಲೇಸರ್ ಮುಚ್ಚಿ, 1 ವೋಲ್ಟಿನಲ್ಲಿ ಕತ್ತಲೆಯ ಕರೆಂಟ್ ಅಳೆದು ಬರೆದಿಡಿ. ಮುಂದೆ ಚಿಪ್ಪಿನ ಆರೋಗ್ಯ ತಿಳಿಯಲು ಇರುವ ದಾಖಲೆ ಅದೊಂದೇ. ಬಯಾಸ್ ತಂತಿಯಲ್ಲಿ 10 ಕಿಲೋ ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಬೆಳಕು ಬಿದ್ದಾಗಲೂ ಗ್ಯಾಪಿನ ರೋಧ ಸಾಮಾನ್ಯವಾಗಿ ನೂರಾರು ಕಿಲೋ ಓಮ್ ಇರುವುದರಿಂದ ಇದರಿಂದ ನಷ್ಟವಿಲ್ಲ. ಗ್ಯಾಪ್ ಶಾರ್ಟ್ ಆದರೆ 30 ವೋಲ್ಟಿನಲ್ಲೂ ಕರೆಂಟ್ 3 ಮಿಲಿ ಆ್ಯಂಪಿಗೆ ನಿಲ್ಲುತ್ತದೆ. ಆಮೇಲೆ 5 ಮಿಲಿವ್ಯಾಟ್ ಲೇಸರ್ ಬಿಟ್ಟು, ಕರೆಂಟ್ ಗರಿಷ್ಠವಾಗುವಂತೆ ಫೋಕಸ್ ಸರಿಸಿ. ಕೊನೆಗೆ ಟೆರಾಹರ್ಟ್ಸ್ ಸಿಗ್ನಲ್ ನೋಡುತ್ತ ಇನ್ನೂ ಒಂದೆರಡು ಮೈಕ್ರೋಮೀಟರ್ ಸರಿಸಿ. ಈ ಎರಡು ಗರಿಷ್ಠಗಳು ಒಂದೇ ಜಾಗದಲ್ಲಿ ಇರುವುದಿಲ್ಲ, ಏಕೆಂದರೆ ಧನ ಎಲೆಕ್ಟ್ರೋಡಿನ ಅಂಚಿನಲ್ಲಿ ಕ್ಷೇತ್ರ ಹೆಚ್ಚು, ಸಿಗ್ನಲ್ ಅಲ್ಲಿಯೇ ಬಲವಾಗಿ ಬರುತ್ತದೆ.

ಇನ್ನೊಂದು ಅಗ್ಗದ ಸುಧಾರಣೆ ಇದೆ. ಯಾಂತ್ರಿಕ ಚಾಪರ್ (ಕಿರಣವನ್ನು ತಡೆದು ಬಿಡುವ ಸುತ್ತುವ ಚಕ್ರ) ತೆಗೆದುಬಿಟ್ಟು ಬಯಾಸನ್ನೇ ±15 ವೋಲ್ಟಿನ ಚೌಕ ಅಲೆಯಾಗಿ 20ರಿಂದ 50 ಕಿಲೋಹರ್ಟ್ಸ್‌ನಲ್ಲಿ ಓಡಿಸಿ. ಚಾಪರ್ ಅರ್ಧ ಸಮಯ ಕಿರಣವನ್ನು ಮುಚ್ಚಿಯೇ ಇಡುತ್ತದೆ, ಇಲ್ಲಿ ಆ ನಷ್ಟವಿಲ್ಲ. ಅದಕ್ಕಿಂತ ಮುಖ್ಯವಾಗಿ, ಲೇಸರ್ ಮತ್ತು ಆ್ಯಂಪ್ಲಿಫೈಯರುಗಳ ನಾಯ್ಸ್ ಕಡಿಮೆ ಆವರ್ತನಗಳಲ್ಲಿ ದಟ್ಟವಾಗಿರುತ್ತದೆ. ಒಂದೆರಡು ಕಿಲೋಹರ್ಟ್ಸ್‌ನಿಂದ 50ಕ್ಕೆ ಏರಿದರೆ ಅದರಿಂದ ತಪ್ಪಿಸಿಕೊಳ್ಳಬಹುದು. ಒಂದೇ ಆವರ್ತನದ ಸಿಗ್ನಲ್ಲನ್ನು ಆರಿಸಿ ಅಳೆಯುವ ಲಾಕ್ ಇನ್ ಆ್ಯಂಪ್ಲಿಫೈಯರಿನ ಟೈಮ್ ಕಾನ್‌ಸ್ಟೆಂಟನ್ನೂ ಆಗ 1 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಸಬಹುದು. ಹೊಸ ಭಾಗ ಯಾವುದನ್ನೂ ಕೊಳ್ಳದೆ ಸಿಗುವ ವೇಗ ಇದು.

ಲೇಸರ್ ಶಕ್ತಿ ಹೆಚ್ಚಿಸುತ್ತ ಹೋದರೂ ಟೆರಾಹರ್ಟ್ಸ್ ಏರುವುದಿಲ್ಲ, ಯಾಕೆ?

ಎದ್ದ ಎಲೆಕ್ಟ್ರಾನುಗಳೂ ಹೋಲುಗಳೂ ಬೇರ್ಪಟ್ಟು ತಮ್ಮದೇ ಎದುರು ಕ್ಷೇತ್ರ ಕಟ್ಟುತ್ತವೆ. ಹೊರಸೂಸಿದ ಟೆರಾಹರ್ಟ್ಸ್ ಕ್ಷೇತ್ರವೂ ಬಯಾಸಿಗೆ ವಿರುದ್ಧ ದಿಕ್ಕಿನಲ್ಲೇ ಇರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಹೊಸ ಎಲೆಕ್ಟ್ರಾನುಗಳನ್ನು ಓಡಿಸಲು ಕ್ಷೇತ್ರವೇ ಉಳಿಯುವುದಿಲ್ಲ. 2, 5, 10, 15, 20, 30 ಮಿಲಿವ್ಯಾಟ್ ಪಂಪಿನಲ್ಲಿ ಸಿಗ್ನಲ್ ಅಳೆದು ಗ್ರಾಫ್ ಬಿಡಿಸಿ. ಗೆರೆ ಬಾಗುವ ಜಾಗದಾಚೆ ಹಾಕಿದ ಲೇಸರೆಲ್ಲ ಬರೀ ಶಾಖ.

ಬಾಗುವಿಕೆಯನ್ನು ದಾಟಬೇಕಾದರೆ ಅದೇ ತೀವ್ರತೆಯನ್ನು ಹೆಚ್ಚು ವಿಸ್ತಾರಕ್ಕೆ ಹರಡಬೇಕು. ಗ್ಯಾಪನ್ನು 5ರಿಂದ 50 ಮೈಕ್ರೋಮೀಟರಿಗೆ ಅಗಲಿಸಿದರೆ ವಿಸ್ತಾರ 100 ಪಟ್ಟು, ಹಾಗಾಗಿ 10 ಮಿಲಿವ್ಯಾಟ್ ಬದಲು 1 ವ್ಯಾಟ್ ತಾಳುತ್ತದೆ. ಆದರೆ ಅದೇ ಕ್ಷೇತ್ರಕ್ಕೆ 30ರ ಬದಲು 300 ವೋಲ್ಟ್ ಬೇಕು. ಬೆರಳುಗಳನ್ನು ಹೆಣೆದಂತೆ ಎಲೆಕ್ಟ್ರೋಡುಗಳನ್ನು ಸಾಲಾಗಿ ಇಟ್ಟು, 5 ಮೈಕ್ರೋಮೀಟರ್ ಗ್ಯಾಪುಗಳನ್ನೇ ಒಂದು ಮಿ.ಮೀ. ಅಗಲಕ್ಕೆ ತುಂಬುವ ವಿನ್ಯಾಸದಲ್ಲಿ ಈ ತೊಡಕಿಲ್ಲ. 10ರಿಂದ 20 ವೋಲ್ಟ್ ಸಾಕು. ಅಕ್ಕಪಕ್ಕದ ಗ್ಯಾಪುಗಳಲ್ಲಿ ಕ್ಷೇತ್ರದ ದಿಕ್ಕು ಉಲ್ಟಾ ಇರುವುದರಿಂದ ಒಂದು ಬಿಟ್ಟು ಒಂದು ಗ್ಯಾಪಿನ ಮೇಲೆ ಎರಡನೇ ಲೋಹದ ಪದರ ಮುಚ್ಚಿರಬೇಕು, ಇಲ್ಲದಿದ್ದರೆ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಹೆಚ್ಚು ಲೇಸರ್ ಶಕ್ತಿ ಇದ್ದವರಿಗೆ ಇದನ್ನೇ ಶಿಫಾರಸು ಮಾಡುತ್ತೇವೆ.

ಆ್ಯಂಟೆನಾ ಯಾಕೆ ಸುಟ್ಟುಹೋಗುತ್ತದೆ?

ಬಯಾಸ್ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದಷ್ಟು ಶಾಖ, ಅದಕ್ಕೆ ಲೇಸರ್ ಶಾಖ ಸೇರಿ ಕೆಲವೇ ಮೈಕ್ರೋಮೀಟರ್ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಬಿಸಿಯಾದರೆ ಕತ್ತಲೆಯ ಕರೆಂಟ್ ಏರುತ್ತದೆ, ಕರೆಂಟ್ ಏರಿದರೆ ಇನ್ನೂ ಬಿಸಿ. ಚಿನ್ನದ ಅಂಚು ಕರಗಿ ಗ್ಯಾಪಿನೊಳಗೆ ಹರಿದರೆ ಅಲ್ಲಿಗೆ ಮುಗಿಯಿತು. ಕತ್ತಲೆಯ ಕರೆಂಟ್ ಮೊದಲ ದಿನದ ಎರಡರಷ್ಟಾದರೆ ಬಯಾಸ್ ಇಳಿಸಿ. ತಯಾರಕರು ಹೇಳಿದ ಗರಿಷ್ಠದ 70 ಪ್ರತಿಶತ ದಾಟದಿದ್ದರೆ ಒಳ್ಳೆಯದು. ನಿಲ್ಲಿಸುವಾಗ ಬಯಾಸ್ ಮೊದಲು, ಲೇಸರ್ ಆಮೇಲೆ. ಶುರು ಮಾಡುವಾಗ ಲೇಸರ್ ಮೊದಲು, ಬಯಾಸನ್ನು ಸೊನ್ನೆಯಿಂದ ನಿಧಾನವಾಗಿ. ಹಿಂದಿನ ಸಿಲಿಕಾನ್ ಲೆನ್ಸ್ ಶಾಖವನ್ನೂ ಸಾಗಿಸುತ್ತದೆ. ಚಿಪ್ಪು ಮತ್ತು ಲೆನ್ಸಿನ ನಡುವೆ ಧೂಳಿನ ಕಣ ಸಿಕ್ಕರೆ ಟೆರಾಹರ್ಟ್ಸೂ ಸೋರುತ್ತದೆ, ಶಾಖವೂ ಹೊರಗೆ ಹೋಗುವುದಿಲ್ಲ.

ಸಿಲಿಕಾನ್ ಲೆನ್ಸ್ ಅಷ್ಟು ಮುಖ್ಯವೇ?

ಹೌದು. ಗ್ಯಾಲಿಯಮ್ ಆರ್ಸೆನೈಡಿನ ವಕ್ರೀಭವನಾಂಕ ಸುಮಾರು 3.6, ಹಾಗಾಗಿ ಲಂಬದಿಂದ 16 ಡಿಗ್ರಿಗಿಂತ ಓರೆಯಾಗಿ ಬಂದ ಅಲೆ ಗಾಳಿಗೆ ಹೊರಬರದೆ ಒಳಗೇ ಪ್ರತಿಫಲಿಸುತ್ತದೆ. 3.42 ಅಂಕದ ಸಿಲಿಕಾನ್ ಲೆನ್ಸ್ ಅಂಟಿಸಿದರೆ ಅದರಲ್ಲಿ ಹೆಚ್ಚಿನ ಪಾಲು ಹೊರಗೆ ಬರುತ್ತದೆ. ಲೆನ್ಸ್ 10 ಕಿಲೋ ಓಮ್ ಸೆಂ.ಮೀ.ಗಿಂತ ಹೆಚ್ಚಿನ ರೋಧಕತೆಯ ಫ್ಲೋಟ್ ಝೋನ್ ಸಿಲಿಕಾನಿನದೇ ಆಗಿರಬೇಕು. ಸಾಮಾನ್ಯ ವೇಫರ್ ಸಿಲಿಕಾನಿನಲ್ಲಿರುವ ಮುಕ್ತ ಎಲೆಕ್ಟ್ರಾನುಗಳು ಟೆರಾಹರ್ಟ್ಸ್ ನುಂಗುತ್ತವೆ. ಲೆನ್ಸಿನ ಕೇಂದ್ರ ಗ್ಯಾಪಿನಿಂದ 100 ಮೈಕ್ರೋಮೀಟರ್ ತಪ್ಪಿದರೂ ಕಿರಣ ಒಂದು ಬದಿಗೆ ವಾಲುತ್ತದೆ. ಹೊರ ಮೈಯಲ್ಲಿ ಇನ್ನೂ 30 ಪ್ರತಿಶತ ಶಕ್ತಿ ಪ್ರತಿಫಲಿಸಿ ಹೋಗುತ್ತದೆ. 1 ಟೆರಾಹರ್ಟ್ಸ್‌ಗೆ ಸುಮಾರು 46 ಮೈಕ್ರೋಮೀಟರ್ ದಪ್ಪ ಪ್ಯಾರಿಲೀನ್ ಲೇಪನ ಅದನ್ನು ಬಹಳಷ್ಟು ತಗ್ಗಿಸುತ್ತದೆ.

ಪ್ಲಾಸ್ಮಾನಿಕ್ ಎಲೆಕ್ಟ್ರೋಡುಗಳ ಬಗ್ಗೆ ಓದಿದ್ದೇವೆ. ಕೊಳ್ಳಬೇಕೇ?

ಹಳೆಯ ಮಾದರಿಯ ಆ್ಯಂಟೆನಾದಲ್ಲಿ ಲೋಹದಿಂದ ದೂರ ಹುಟ್ಟಿದ ಎಲೆಕ್ಟ್ರಾನುಗಳು ಸಮಯಕ್ಕೆ ಸರಿಯಾಗಿ ಎಲೆಕ್ಟ್ರೋಡಿಗೆ ತಲುಪುವುದಿಲ್ಲ. ನ್ಯಾನೋ ಅಳತೆಯ ಲೋಹದ ಜಾಲರಿಯು ಲೇಸರ್ ಬೆಳಕನ್ನು ಲೋಹದ ಅಂಚಿಗೇ ಸೆಳೆದು, ಎಲೆಕ್ಟ್ರಾನುಗಳು ಎಲೆಕ್ಟ್ರೋಡಿನ ಪಕ್ಕದಲ್ಲೇ ಹುಟ್ಟುವಂತೆ ಮಾಡುತ್ತದೆ. 2014ರಲ್ಲಿ ಮೂರು ಆಯಾಮದ ಇಂಥ ರಚನೆಯಿಂದ 7.5 ಪ್ರತಿಶತ ದಕ್ಷತೆ ವರದಿಯಾಯಿತು. ಆದರೆ ಆ ಅಂಕಿ 1.4 ಮಿಲಿವ್ಯಾಟ್ ಪಂಪಿಗೆ 105 ಮೈಕ್ರೋವ್ಯಾಟ್ ಹೊರಬಂದಾಗಿನದು. ಅಷ್ಟೇ ದಕ್ಷತೆ ನೂರು ಮಿಲಿವ್ಯಾಟಿನಲ್ಲೂ ಸಿಗುತ್ತದೆ ಎಂದು ಲೆಕ್ಕ ಹಾಕಬಾರದು. ನಿಮ್ಮ ಲೇಸರ್ ಸಣ್ಣದಿದ್ದರೆ ಇದು ಒಳ್ಳೆಯ ದಾರಿ. ಆದರೆ ಬೆಳಕಿನ ಧ್ರುವೀಕರಣ ಜಾಲರಿಗೆ ಸರಿಹೊಂದದಿದ್ದರೆ ಲಾಭವೆಲ್ಲ ಹೋಯಿತು. ಅದಕ್ಕೆ ಅರ್ಧ ಅಲೆಯ ತಟ್ಟೆಯೊಂದನ್ನು ದಾರಿಯಲ್ಲಿ ಇಟ್ಟುಕೊಳ್ಳಿ.

1550 ನ್ಯಾನೋಮೀಟರ್ ಫೈಬರ್ ಲೇಸರಿಗೆ ಬದಲಾದೆವು, ಬ್ಯಾಂಡ್‌ವಿಡ್ತ್ ಕುಸಿಯಿತು. ಕಾರಣ?

ಬಹುಪಾಲು ಫೈಬರಿನ ಉದ್ದ. 100 ಫೆಮ್ಟೋಸೆಕೆಂಡ್ ಪಲ್ಸಿನ ವರ್ಣ ಅಗಲ ಸುಮಾರು 35 ನ್ಯಾನೋಮೀಟರ್. ಸಾಧಾರಣ ಸಿಂಗಲ್ ಮೋಡ್ ಫೈಬರು ಕಿ.ಮೀ.ಗೆ, ನ್ಯಾನೋಮೀಟರಿಗೆ 17 ಪಿಕೋಸೆಕೆಂಡ್ ಹರಡಿಸುತ್ತದೆ. ಎರಡೇ ಮೀಟರ್ ಫೈಬರಿನಲ್ಲಿ 17 × 35 × 0.002, ಅಂದರೆ 1.2 ಪಿಕೋಸೆಕೆಂಡ್. ಪಲ್ಸು ಹತ್ತು ಪಟ್ಟಿಗಿಂತ ಹೆಚ್ಚು ಅಗಲವಾಯಿತು. ಅದಕ್ಕೆ ಹೊಂದುವ ಉದ್ದದ ಡಿಸ್ಪರ್ಷನ್ ಪರಿಹಾರ ಫೈಬರ್ (ಹರಡಿದ ಪಲ್ಸನ್ನು ಮರಳಿ ಕುಗ್ಗಿಸುವ ಫೈಬರ್) ಸೇರಿಸಿ, ಪ್ಯಾಚ್ ಕಾರ್ಡ್ ಬದಲಿಸಿದಾಗಲೆಲ್ಲ ಲೆಕ್ಕ ಮತ್ತೆ ಮಾಡಿ. ಇನ್ನೊಂದು ಮಾತು: 1550ರ ಫೋಟಾನಿಗೆ ಗ್ಯಾಲಿಯಮ್ ಆರ್ಸೆನೈಡಿನ 1.42 ಎಲೆಕ್ಟ್ರಾನ್ ವೋಲ್ಟ್ ಅಂತರ ದಾಟುವ ಶಕ್ತಿ ಇಲ್ಲ, ಆದ್ದರಿಂದ ಆ್ಯಂಟೆನಾ ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡಿನದೇ ಬೇಕು.

ಡಿಲೇ ಲೈನನ್ನು ಬೇಗ ಓಡಿಸುವುದು ಹೇಗೆ?

1 ಪಿಕೋಸೆಕೆಂಡಿಗೆ ಡಿಲೇ ಲೈನಿನ ಸ್ಟೇಜ್ 0.15 ಮಿ.ಮೀ. ಚಲಿಸಬೇಕು. 100 ಪಿಕೋಸೆಕೆಂಡ್ ಕಿಟಕಿಗೆ 15 ಮಿ.ಮೀ., ಅದರಿಂದ 10 ಗಿಗಾಹರ್ಟ್ಸ್ ರೆಸಲ್ಯೂಶನ್ ಸಿಗುತ್ತದೆ. ರಾಸಾಯನಿಕ ಗುರುತು ಬೇಡ, ದಪ್ಪ ಮಾತ್ರ ಸಾಕು ಎನ್ನುವವರಿಗೆ 20 ಪಿಕೋಸೆಕೆಂಡ್ ಸಾಕು. 3 ಮಿ.ಮೀ. ಅಲುಗಾಡುವ ಶೇಕರ್ ಸೆಕೆಂಡಿಗೆ ಹತ್ತಾರು ಅಲೆರೂಪ ಕೊಡುತ್ತದೆ. ಇನ್ನೂ ವೇಗ ಬೇಕಿದ್ದರೆ ಚಲಿಸುವ ಕನ್ನಡಿಯನ್ನೇ ಬಿಟ್ಟು ಎರಡು ಲೇಸರುಗಳ ಪಲ್ಸ್ ದರವನ್ನು ಸ್ವಲ್ಪ ಬೇರೆಯಾಗಿ ಇಡುವ ವಿಧಾನವಿದೆ. 100 ಮೆಗಾಹರ್ಟ್ಸ್ ದರದಲ್ಲಿ 100 ಹರ್ಟ್ಸ್ ವ್ಯತ್ಯಾಸ ಇಟ್ಟರೆ 10 ಫೆಮ್ಟೋಸೆಕೆಂಡ್ ಹೆಜ್ಜೆಯಲ್ಲಿ 10 ನ್ಯಾನೋಸೆಕೆಂಡ್ ಕಿಟಕಿ ಸೆಕೆಂಡಿಗೆ 100 ಸಲ ಬರುತ್ತದೆ. ಅದರಲ್ಲಿ ಬಹುಪಾಲು ಖಾಲಿ ಸಮಯ. ಬೇಕಾದ ಕೆಲವು ಪಿಕೋಸೆಕೆಂಡುಗಳ ಸುತ್ತ ಮಾತ್ರ ಹಿಂದೆ ಮುಂದೆ ಓಡಿಸುವ ಎಲೆಕ್ಟ್ರಾನಿಕ್ ವಿಧಾನ ಸೆಕೆಂಡಿಗೆ ಸಾವಿರ ಅಲೆರೂಪಗಳನ್ನು ಮುಟ್ಟುತ್ತದೆ.

ಆಗ ತಡ ಮಾಡುವ ಸರದಿ ಮಾದರಿಯ ಸ್ಟೇಜಿನದು. ಮೇಲಿನ 40,000 ಪಿಕ್ಸೆಲ್ 40 ಸೆಕೆಂಡಿಗೆ ಇಳಿಯುತ್ತದೆ ನಿಜ, ಆದರೆ 0.5 ಮಿ.ಮೀ.ಗೆ 1 ಮಿಲಿಸೆಕೆಂಡ್ ಎಂದರೆ ಸ್ಟೇಜ್ ಸೆಕೆಂಡಿಗೆ 500 ಮಿ.ಮೀ. ಓಡಬೇಕು. 200 ಸಾಲುಗಳ ತಿರುವಿಗೆ 0.3 ಸೆಕೆಂಡಿನಂತೆ ಇನ್ನೊಂದು ನಿಮಿಷ. ಕಿರಣವನ್ನೇ ತೂಗುಕನ್ನಡಿಯಿಂದ ಓಡಿಸಿದರೆ ಇದು ಉಳಿಯುತ್ತದೆ. ಹೆಜ್ಜೆಯನ್ನೂ ಒಮ್ಮೆ ಪರಿಶೀಲಿಸಿ: 0.3 ಟೆರಾಹರ್ಟ್ಸ್‌ನಲ್ಲಿ ಫೋಕಸ್ ಉದ್ದ ಲೆನ್ಸ್ ವ್ಯಾಸದ ಎರಡರಷ್ಟಿದ್ದರೆ ಚುಕ್ಕೆ ಸುಮಾರು 2.4 ಮಿ.ಮೀ. ಅಲ್ಲಿ 0.2 ಮಿ.ಮೀ. ಹೆಜ್ಜೆ ಇಡುವುದರಿಂದ ಹೊಸ ವಿವರ ಸಿಗದು, ಗಂಟೆಗಳು ಮಾತ್ರ ಹೋಗುತ್ತವೆ.

ಸ್ಕ್ಯಾನೇ ಇಲ್ಲದೆ ಕ್ಯಾಮೆರಾದಿಂದ ಒಂದೇ ಸಲಕ್ಕೆ ತೆಗೆಯಬಹುದೇ?

ತೆಗೆಯಬಹುದು. ಮೂಲದ ಶಕ್ತಿ ನಿಜವಾಗಿ ಕೈಹಿಡಿಯುವುದು ಇಲ್ಲಿಯೇ. 320 × 240 ಮೈಕ್ರೋಬೊಲೋಮೀಟರ್ ಕ್ಯಾಮೆರಾದಲ್ಲಿ 76,800 ಪಿಕ್ಸೆಲ್. 1 ಮಿಲಿವ್ಯಾಟ್ ಸಮನಾಗಿ ಹಂಚಿದರೆ ಒಂದೊಂದಕ್ಕೆ 13 ನ್ಯಾನೋವ್ಯಾಟ್. ಮಾದರಿ ನೂರರಲ್ಲಿ 99 ಪಾಲು ನುಂಗಿದರೆ ಉಳಿಯುವುದು 0.13 ನ್ಯಾನೋವ್ಯಾಟ್, ವಿಡಿಯೋ ವೇಗದಲ್ಲಿ ಅದು ನಾಯ್ಸಿನೊಳಗೆ ಮುಳುಗುತ್ತದೆ. 2006ರಲ್ಲಿ ಅಮೆರಿಕದ ಎಂಐಟಿಯಲ್ಲಿ 4.3 ಟೆರಾಹರ್ಟ್ಸ್‌ನ ಸುಮಾರು 50 ಮಿಲಿವ್ಯಾಟ್ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ (ಪದರ ಪದರವಾದ ಅರೆವಾಹಕದ ಲೇಸರ್) ಮತ್ತು ಇಷ್ಟೇ ಪಿಕ್ಸೆಲ್ಲುಗಳ ಕ್ಯಾಮೆರಾ ಸೇರಿಸಿ ನೇರ ಚಿತ್ರಣ ತೋರಿಸಿದರು. ಈ ಕ್ಯಾಮೆರಾಗಳು ಮೂಲತಃ 8ರಿಂದ 14 ಮೈಕ್ರೋಮೀಟರ್ ಇನ್‌ಫ್ರಾರೆಡ್‌ಗೆ ಮಾಡಿದವು. 1 ಟೆರಾಹರ್ಟ್ಸ್ ಕೆಳಗೆ ಅವುಗಳ ಗ್ರಹಣ ಬಹಳ ಕುಗ್ಗುತ್ತದೆ, ಆದ್ದರಿಂದ 0.3 ಟೆರಾಹರ್ಟ್ಸ್ ಮೂಲಕ್ಕೆ ಇವನ್ನು ಜೋಡಿಸಬೇಡಿ.

ಕ್ವಾಂಟಂ ಕ್ಯಾಸ್ಕೇಡ್ ಲೇಸರನ್ನು ನಮ್ಮ ಕಡೆ ಓಡಿಸಲು ಸಾಧ್ಯವೇ?

ತಂಪು ಒದಗಿಸಿದರೆ ಸಾಧ್ಯ. 2002ರ ಮೊದಲ ಟೆರಾಹರ್ಟ್ಸ್ ಲೇಸರ್ 4.4 ಟೆರಾಹರ್ಟ್ಸ್‌ನದು, 50 ಕೆಲ್ವಿನ್‌ವರೆಗೆ ಮಾತ್ರ ಬೆಳಗಿತು. 2020ರ ಕೊನೆಗೆ 250 ಕೆಲ್ವಿನ್, ಅಂದರೆ ಮೈನಸ್ 23 ಡಿಗ್ರಿಯಲ್ಲಿ, ಥರ್ಮೋಎಲೆಕ್ಟ್ರಿಕ್ ಕೂಲರ್ ಮೇಲೆ ಸುಮಾರು 4 ಟೆರಾಹರ್ಟ್ಸ್ ಪಲ್ಸುಗಳು ಬಂದವು. ಆದರೆ ಆ ಗರಿಷ್ಠ ತಾಪದ ಹತ್ತಿರ ಸಿಗುವ ಶಕ್ತಿ ಅಲ್ಪ. ಚಿತ್ರಣಕ್ಕೆ ಬೇಕಾದ ಹತ್ತಾರು ಮಿಲಿವ್ಯಾಟಿಗೆ ಇನ್ನೂ ದ್ರವ ಸಾರಜನಕದ 77 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗಿನ ತಾಪವೇ ಸರಿ.

ದ್ರವ ಸಾರಜನಕ ನಮ್ಮ ಭಾಗಕ್ಕೆ ಹೊಸದಲ್ಲ. ದನ ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯ ಶೇಖರಿಸಲು ಪಶು ಆಸ್ಪತ್ರೆಗಳು ಅದನ್ನೇ ಬಳಸುತ್ತವೆ, ಹಾಗಾಗಿ ಕ್ಯಾನ್ ಸಾಗಿಸುವ, ತುಂಬುವ ವ್ಯವಸ್ಥೆ ತಿಳಿದವರು ಜಿಲ್ಲೆಯಲ್ಲೇ ಸಿಗುತ್ತಾರೆ. ಲೆಕ್ಕ ಹೀಗೆ: 1 ವ್ಯಾಟ್ ಶಾಖ ಒಂದು ಲೀಟರನ್ನು ಸುಮಾರು 45 ಗಂಟೆಯಲ್ಲಿ ಆವಿ ಮಾಡುತ್ತದೆ. ಲೇಸರ್ 10 ವ್ಯಾಟ್ ಸುಟ್ಟರೆ ನಾಲ್ಕೂವರೆ ಗಂಟೆಗೆ ಒಂದು ಲೀಟರ್, ಕ್ರಯೋಸ್ಟಾಟಿನ (ಲೇಸರನ್ನು ತಂಪಾಗಿಡುವ ಪಾತ್ರೆ) ಸ್ವಂತ ಸೋರಿಕೆ ಬೇರೆ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಎಸಿಗಾಗಿ ಕಿಟಕಿ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದೂಡುತ್ತದೆ, ಉಸಿರುಗಟ್ಟುವ ಮುನ್ಸೂಚನೆಯೂ ಸಿಗುವುದಿಲ್ಲ. ಆಮ್ಲಜನಕ ಅಲಾರಂ ಇಲ್ಲದೆ ಈ ಕೆಲಸ ಶುರು ಮಾಡಬಾರದು.

ಎಲೆಕ್ಟ್ರಾನಿಕ್ ಮೂಲಗಳು ಅಗ್ಗವಲ್ಲವೇ?

0.1 ಟೆರಾಹರ್ಟ್ಸ್ ಸುತ್ತ ಇಂಪ್ಯಾಟ್ ಡಯೋಡ್ ಹತ್ತಾರು ಮಿಲಿವ್ಯಾಟ್ ಕೊಡುತ್ತದೆ, ತಂಪು ಬೇಡ, ಅಂಗೈಯಗಲ ಜಾಗ ಸಾಕು. ಷಾಟ್ಕಿ ಡಯೋಡುಗಳಿಂದ ಆವರ್ತನವನ್ನು ಎರಡು, ಮೂರು ಪಟ್ಟು ಮಾಡುತ್ತ ಮೇಲೇರಬಹುದು, ಆದರೆ ಪ್ರತಿ ಹಂತದಲ್ಲೂ ಶಕ್ತಿಯ ದೊಡ್ಡ ಪಾಲು ಕಳೆದುಹೋಗುತ್ತದೆ. ವೇಗದ ಚಿತ್ರಣಕ್ಕೆ 0.1ರಿಂದ 0.3 ಟೆರಾಹರ್ಟ್ಸ್ ಸಾಕು ಎನ್ನುವವರಿಗೆ ನಮ್ಮ ಮೊದಲ ಸಲಹೆ ಇದೇ.

ಚಿತ್ರದ ಮೇಲೆ ಬಳೆಬಳೆಯಾಗಿ ಗೆರೆ ಬಂದರೆ ಅದು ಮಾದರಿ ಮತ್ತು ಮೂಲದ ನಡುವಿನ ನಿಂತ ಅಲೆ. 0.3 ಟೆರಾಹರ್ಟ್ಸ್‌ನಲ್ಲಿ ಅದರ ಅಂತರ 0.5 ಮಿ.ಮೀ. ಮಾದರಿಯನ್ನು 5ರಿಂದ 10 ಡಿಗ್ರಿ ಓರೆ ಮಾಡಿ. ಸಾಲದಿದ್ದರೆ ಆವರ್ತನವನ್ನು ತೂಗಿಸಿ: 300 ಮಿ.ಮೀ. ಅಂತರಕ್ಕೆ ಒಂದು ಗೆರೆ 500 ಮೆಗಾಹರ್ಟ್ಸ್, ಹಾಗಾಗಿ 2ರಿಂದ 3 ಗಿಗಾಹರ್ಟ್ಸ್ ತೂಗಿಸಿದರೆ ಗೆರೆಗಳು ಸರಾಸರಿಯಲ್ಲಿ ಅಳಿಯುತ್ತವೆ. ಏಪ್ರಿಲ್, ಮೇ ಒಣ ಹವೆಯಲ್ಲಿ ಮೈಮೇಲೆ ಕೂಡುವ ಸ್ಥಾಯಿ ವಿದ್ಯುತ್ತು ಷಾಟ್ಕಿ ಡಯೋಡನ್ನು ಒಂದೇ ಸ್ಪರ್ಶಕ್ಕೆ ಕೊಲ್ಲುತ್ತದೆ. ಅರ್ಥಿಂಗ್ ಇರುವ ಮಣಿಕಟ್ಟಿನ ಪಟ್ಟಿ ಕಟ್ಟದೆ ಕನೆಕ್ಟರ್ ಮುಟ್ಟಬೇಡಿ.

ಬೇಸಿಗೆಯಲ್ಲಿ ಕಲಬುರಗಿ ಹವೆ ಒಣಗಿಯೇ ಇರುತ್ತದೆ. ಕಿರಣದ ದಾರಿಯ ತೇವ ತೆಗೆಯಲು ಸಾರಜನಕ ಹಾಯಿಸುವ ಅಗತ್ಯವಿದೆಯೇ?

ಇದೆ. ಹೊರಗೆ 42 ಡಿಗ್ರಿ, 20 ಪ್ರತಿಶತ ಆರ್ದ್ರತೆ ಇದ್ದಾಗ ಅದೇ ಗಾಳಿ ಎಸಿ ಕೋಣೆಯಲ್ಲಿ 24 ಡಿಗ್ರಿಗೆ ಇಳಿದರೆ ಆರ್ದ್ರತೆ 55 ಪ್ರತಿಶತಕ್ಕೆ ಏರುತ್ತದೆ. ನೀರಾವಿ 0.557, 0.752, 0.988, 1.097, 1.163 ಟೆರಾಹರ್ಟ್ಸ್ ಮುಂತಾದ ಕಡೆಗಳಲ್ಲಿ ಕಿರಣವನ್ನು ಹೀರುತ್ತದೆ. ಶಕ್ತಿ ಕಳೆಯುವುದಷ್ಟೇ ಅಲ್ಲ, ಹೀರಿದ ಅಣುಗಳು ಪಲ್ಸಿನ ಹಿಂದೆ ಹತ್ತಾರು ಪಿಕೋಸೆಕೆಂಡ್ ಕಾಲ ಕಂಪಿಸುತ್ತ ಮರುಸೂಸುತ್ತವೆ. ಎರಡನೇ ಪದರದ ಮಸುಕಾದ ಪ್ರತಿಧ್ವನಿ ಅದರಲ್ಲಿ ಮುಚ್ಚಿಹೋಗುತ್ತದೆ.

ಕಿರಣದ ದಾರಿಯನ್ನು ಮುಚ್ಚುವ 60 × 60 × 40 ಸೆಂ.ಮೀ. ಆಕ್ರಿಲಿಕ್ ಪೆಟ್ಟಿಗೆ ಎಂದರೆ 144 ಲೀಟರ್. ನಿಮಿಷಕ್ಕೆ 10 ಲೀಟರ್ ಹಾಯಿಸಿದರೆ ಮೂರು ಸಲ ಗಾಳಿ ಬದಲಾಗಲು 43 ನಿಮಿಷ, ಆಗ ಮೊದಲಿನ ತೇವದ ಇಪ್ಪತ್ತನೇ ಒಂದು ಪಾಲು ಉಳಿಯುತ್ತದೆ: 55ರಿಂದ 3 ಪ್ರತಿಶತದ ಒಳಗೆ. 7 ಘನ ಮೀಟರಿನ ಸಿಲಿಂಡರ್ ಈ ದರದಲ್ಲಿ 12 ಗಂಟೆಯೂ ಬರುವುದಿಲ್ಲ. ಆದ್ದರಿಂದ ಮೊದಲ ಮುಕ್ಕಾಲು ಗಂಟೆಯ ಬಳಿಕ 3 ಲೀಟರಿಗೆ ಇಳಿಸಿ. ದಿನಾ ಓಡಿಸುವವರಿಗೆ ಕಂಪ್ರೆಸರಿಗೆ ಡ್ರೈಯರ್ ಜೋಡಿಸಿ ಮೈನಸ್ 40 ಡಿಗ್ರಿ ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟುವ ತಾಪ) ಗಾಳಿ ಬಳಸುವುದೇ ಉಳಿತಾಯ. ನಿರಂತರ ಅಲೆಯ ಮೂಲವಿದ್ದರೆ 0.34, 0.41, 0.65, 0.85 ಟೆರಾಹರ್ಟ್ಸ್ ಸುತ್ತಲಿನ ಕಿಟಕಿಗಳನ್ನು ಆರಿಸಿಕೊಳ್ಳಿ.

ಮಳೆಗಾಲದಲ್ಲಿ ಲೇಸರನ್ನು ತಂಪಾಗಿಡುವ ಚಿಲ್ಲರ್ ಕಡೆ ಗಮನವಿರಲಿ. ಕೋಣೆಯಲ್ಲಿ 24 ಡಿಗ್ರಿ, 70 ಪ್ರತಿಶತ ಇದ್ದರೆ ಇಬ್ಬನಿ ಬಿಂದು 18. ಚಿಲ್ಲರನ್ನು 16ಕ್ಕೆ ಇಟ್ಟರೆ ಲೇಸರ್ ತಳದಲ್ಲಿ ನೀರು ಕೂಡುತ್ತದೆ. 20ಕ್ಕೆ ಇಡಿ.

ಕರೆಂಟು ಹೋಗಿಬಂದರೆ?

ಸದಾ ಜೋಡಣೆಯಲ್ಲೇ ಇರುವ ಆನ್‌ಲೈನ್ ಮಾದರಿಯ ಯುಪಿಎಸ್ ಬೇಕು, ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲೇ ಮೋಡ್‌ಲಾಕ್ (ಲೇಸರ್ ಬೆಳಕು ಕಿರು ಪಲ್ಸುಗಳಾಗಿ ಬರುವ ಸ್ಥಿತಿ) ತಪ್ಪುತ್ತದೆ. ಚಿಲ್ಲರಿನ ಮೋಟರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಅದನ್ನು ಬೇರೆ ಸಾಲಿಗೆ ಹಾಕಿ. ಚಿಲ್ಲರ್ ನಿಂತರೆ ಲೇಸರ್ ತಾನಾಗಿ ನಿಲ್ಲುವಂತೆ ಇಂಟರ್‌ಲಾಕ್ ಇರಲಿ. ಬಯಾಸ್ ಸಪ್ಲೈ ಕರೆಂಟು ಬಂದ ಕೂಡಲೇ ಹಳೆಯ ವೋಲ್ಟೇಜಿಗೆ ಹಾರುವಂಥದ್ದಾಗಿರಬಾರದು.

ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕಡೆಯ ಔಷಧ ಘಟಕಗಳಿಗೆ ಇದರಿಂದ ಏನು ಉಪಯೋಗ?

ಮಾತ್ರೆಯ ಲೇಪನದ ದಪ್ಪ, ಮಾತ್ರೆಯನ್ನು ಒಡೆಯದೆ. 50 ಮೈಕ್ರೋಮೀಟರ್ ಲೇಪನ, ವಕ್ರೀಭವನಾಂಕ 1.6 ಎಂದರೆ ಎರಡು ಪ್ರತಿಧ್ವನಿಗಳ ನಡುವೆ 0.53 ಪಿಕೋಸೆಕೆಂಡ್. ಇವನ್ನು ಬೇರ್ಪಡಿಸಲು ಮೂಲದ ಶಕ್ತಿಗಿಂತ ಬ್ಯಾಂಡ್‌ವಿಡ್ತ್ ಮುಖ್ಯ. 30ರಿಂದ 40 ಮೈಕ್ರೋಮೀಟರಿಗಿಂತ ತೆಳುವಾದ ಲೇಪನದಲ್ಲಿ ಸಾಮಾನ್ಯ ಯಂತ್ರಗಳ ಎರಡು ಶಿಖರಗಳು ಒಂದಾಗಿಬಿಡುತ್ತವೆ. 10 ಮಿ.ಮೀ. ಮಾತ್ರೆಯ ಒಂದು ಮುಖಕ್ಕೆ 0.2 ಮಿ.ಮೀ. ಹೆಜ್ಜೆಯಲ್ಲಿ 2,500 ಪಿಕ್ಸೆಲ್: ಸೆಕೆಂಡಿಗೆ 10 ಅಲೆರೂಪದಲ್ಲಿ ನಾಲ್ಕು ನಿಮಿಷ, 100ರಲ್ಲಿ 25 ಸೆಕೆಂಡ್. ಮಾತ್ರೆಯ ಮೈ ಬಾಗಿರುವುದರಿಂದ ಅಂಚಿನಲ್ಲಿ ಪ್ರತಿಫಲನ ಲೆನ್ಸಿನಿಂದ ಆಚೆ ಹೋಗುತ್ತದೆ. ಪ್ರತಿ ಬಿಂದುವಿನಲ್ಲೂ ಮೈ ಕಿರಣಕ್ಕೆ ಲಂಬವಾಗುವಂತೆ ಮಾತ್ರೆಯನ್ನು ತಿರುಗಿಸಬೇಕು.

ತೊಗರಿ ಕಾಳಿನೊಳಗಿನ ಹುಳ, ಬೇಳೆಯೊಳಗಿನ ಕಲ್ಲು ಕಾಣುತ್ತದೆಯೇ?

ರಾಶಿಯೊಳಗೆ ಕಾಣದು. ಕಾಳಿನ ಗಾತ್ರ ಅಲೆಯುದ್ದಕ್ಕೆ ಹತ್ತಿರವಾದಷ್ಟೂ ಅಲೆ ಎಲ್ಲ ಕಡೆ ಚದುರುತ್ತದೆ. ಕಾಳಿನ ತೇವವೂ ನುಂಗುತ್ತದೆ: 1 ಟೆರಾಹರ್ಟ್ಸ್‌ನಲ್ಲಿ 0.1 ಮಿ.ಮೀ. ನೀರಿನ ಪದರವೇ ಹತ್ತರಲ್ಲಿ ಒಂಬತ್ತು ಪಾಲು ತಿನ್ನುತ್ತದೆ. 0.1 ಟೆರಾಹರ್ಟ್ಸ್ ಚೆನ್ನಾಗಿ ತೂರುತ್ತದೆ, ಆದರೆ 3 ಮಿ.ಮೀ. ಅಲೆಗೆ ಒಂದೆರಡು ಮಿ.ಮೀ. ಹುಳ ಬೇರೆಯಾಗಿ ಕಾಣುವುದಿಲ್ಲ. ಹುಳಕ್ಕೆ ಎಕ್ಸ್‌ರೇ, ಕಲ್ಲಿಗೆ ಈಗಿರುವ ಕಲರ್ ಸಾರ್ಟರ್ ಮೇಲು. ಪ್ಯಾಕೆಟ್ ಸೀಲಾಗುವ ಮೊದಲು ಬೆಲ್ಟಿನ ಮೇಲೆ ತೆಳುವಾಗಿ ಹರಡಿದ ಮಾಲಿನಲ್ಲಿ ತೇವದ ಗಂಟು, ಪ್ಲಾಸ್ಟಿಕ್ ಚೂರು ಹುಡುಕಲು 0.1 ಟೆರಾಹರ್ಟ್ಸ್ ಸಾಲು ಕ್ಯಾಮೆರಾ ಪ್ರಯತ್ನಿಸಬಹುದು. ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್, ಪಿಕ್ಸೆಲ್ 1.5 ಮಿ.ಮೀ. ಇದ್ದರೆ ಸೆಕೆಂಡಿಗೆ 333 ಸಾಲು ಸಾಕು.

ಬಿದರಿ ಕಲಾಕೃತಿ, ಹಳೆಯ ಕಟ್ಟಡ?

ಬಿದರಿಯ ಸತು ತಾಮ್ರದ ಮಿಶ್ರಲೋಹದೊಳಗೆ 1 ಟೆರಾಹರ್ಟ್ಸ್ ಅಲೆ ಇಳಿಯುವುದು ಸುಮಾರು 0.1 ಮೈಕ್ರೋಮೀಟರ್. ಬೆಳ್ಳಿಯ ಕೆಳಗೆ ಏನಿದೆ ಎಂದು ತಿಳಿಯಲಾಗದು. 1472ರ ಮಹಮೂದ್ ಗವಾನ್ ಮದರಸಾದಂಥ ಕಟ್ಟಡಗಳ ಹೆಂಚು, ಗಾರೆಯ ಹಿಂದಿನ ಟೊಳ್ಳು ಹುಡುಕಲು 0.1ರಿಂದ 0.3 ಟೆರಾಹರ್ಟ್ಸ್ ಪ್ರತಿಫಲನ ಸೂಕ್ತ. ಗೋಡೆ ಒಣಗಿರುವ ಫೆಬ್ರವರಿಯಿಂದ ಮೇ ತಿಂಗಳಲ್ಲಿ, ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆದೇ ಮಾಡಬೇಕು.

ಆರೋಗ್ಯಕ್ಕೆ ಅಪಾಯವಿದೆಯೇ?

ಮಿಲಿವ್ಯಾಟ್ ಟೆರಾಹರ್ಟ್ಸ್ ಅಣುಗಳನ್ನು ಅಯಾನೀಕರಿಸುವುದಿಲ್ಲ. ಅಪಾಯ ಇರುವುದು ಪಂಪ್ ಲೇಸರಿನಲ್ಲಿ. 800 ಮತ್ತು 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಣ್ಣನ್ನು ಸುಡುವುದು ಮಾತ್ರ ಕ್ಷಣದಲ್ಲಿ. ಆಯಾ ಅಲೆಯುದ್ದಕ್ಕೆ ಮಾಡಿದ ಕನ್ನಡಕ ಹಾಕಿ, ಉಂಗುರ ಗಡಿಯಾರ ತೆಗೆದಿಡಿ.

ಸುಧಾರಣೆ ನಿಜವೋ ಅಲ್ಲವೋ ಎಂದು ಅಳೆಯುವುದು ಹೇಗೆ?

ಪೈರೋ ಮೀಟರಿನ ಅಂಕಿ ಏರಿದ ಮಾತ್ರಕ್ಕೆ ನಂಬಬೇಡಿ. ಬಿಸಿಯಾದ ಆ್ಯಂಟೆನಾದ ಇನ್‌ಫ್ರಾರೆಡ್, ಸೋರಿದ ಲೇಸರ್ ಬೆಳಕು ಎರಡನ್ನೂ ಅದು ಟೆರಾಹರ್ಟ್ಸ್ ಎಂದೇ ಎಣಿಸುತ್ತದೆ. ದಾರಿಯಲ್ಲಿ ಕಪ್ಪು ಪಾಲಿಥೀನ್ ಹಾಳೆ ಇಡಿ, ಅದು ಲೇಸರನ್ನು ತಡೆದು ಟೆರಾಹರ್ಟ್ಸನ್ನು ಬಿಡುತ್ತದೆ. ಆಮೇಲೆ ಲೇಸರ್ ಹಾಗೆಯೇ ಇಟ್ಟು ಬಯಾಸನ್ನು ಮಾತ್ರ ಸೊನ್ನೆ ಮಾಡಿ: ಆಗಲೂ ಮೀಟರ್ ಏನಾದರೂ ತೋರಿಸಿದರೆ ಅಷ್ಟನ್ನು ಕಳೆಯಿರಿ. ಕೊನೆಯ ಪರೀಕ್ಷೆಗೆ ಮೊದಲಿನ ಮಾದರಿ, ಮೊದಲಿನ ಹೆಜ್ಜೆ, ಮೊದಲಿನ ಆರ್ದ್ರತೆಯಲ್ಲೇ ಚಿತ್ರ ತೆಗೆದು, ಅದೇ ಮಸುಕಾದ ಬಿಂದುವಿನಲ್ಲಿ ಶಿಖರ ಮತ್ತು ನಾಯ್ಸಿನ ಅನುಪಾತವನ್ನೂ ಒಟ್ಟು ಹಿಡಿದ ನಿಮಿಷಗಳನ್ನೂ ಹಳೆಯ ದಾಖಲೆಯ ಪಕ್ಕದಲ್ಲಿ ಬರೆಯಿರಿ.